ಕುದಿಯುವ ಹಂಡೆಗೆ ಬಿದ್ದ ಪುಡಿ

ಮೇಲಿನಮನೆ ಅತ್ತೆಯ ಬೆರಳ ತುದಿಗಳು ಯಾವಾಗಲೂ ಹಸಿರು. ಉಗುರಿನ ಸಂದಿಯಲ್ಲಿ ದಾಸವಾಳದ ಸೊಪ್ಪಿನ ಬಣ್ಣ ಕೂತುಬಿಟ್ಟಿತ್ತು, ಹುಣಸೆಹಣ್ಣು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಆ ಕೈಯಲ್ಲೇ ದೇವರಿಗೆ ಹೂ ಏರಿಸುತ್ತಿದ್ದರು, ಆ ಕೈಯಲ್ಲೇ ನನ್ನ ತಲೆಗೆ ಮೊಟಕುತ್ತಿದ್ದರು. ನೆಂಟಸ್ತಿಕೆಯ ಅತ್ತೆಯಲ್ಲ, ಸೀತೂರಿನಲ್ಲಿ ನಮ್ಮ ಮನೆಯಿಂದ ಒಂದು ದರೆ ಹತ್ತಿದರೆ ಅವರ ಮನೆ. ಅವರ ಬಗ್ಗೆ ಒಳ್ಳೆಯದು ಬರೆಯಬೇಕೆಂದು ಕೂತರೂ ನನಗೆ ಮೊದಲು ಬರುವುದು ಸಿಟ್ಟೇ.

ಎರಡು ಸಾವಿರದ ಐದಾರರ ಸುಮಾರಿಗೆ ನಾವು ಹೆಂಗಸರು ಒಂದು ಸಂಘ ಕಟ್ಟಿಕೊಂಡಿದ್ದೆವು. ಗುರುವಾರ ಮಧ್ಯಾಹ್ನ ಅತ್ತೆಯ ಜಗುಲಿಯಲ್ಲಿ ಸೇರುವುದು. ನನಗೆ ಒಲೆ ಬಿಟ್ಟು ಹೊರಡಲು ಅದೊಂದೇ ನೆಪ. ಅಷ್ಟು ಕೊಟ್ಟಳಲ್ಲ ತಾಯಿ ಶಾರದೆ ಎಂದು ಬುಧವಾರ ಸಂಜೆಯೇ ಕೈಮುಗಿಯುತ್ತಿದ್ದೆ. ಏನಾದರೂ ಮಾಡಿ ಮಾರದಿದ್ದರೆ ಸಂಘ ಉಳಿಯುವುದಿಲ್ಲ ಎಂದಾಗ ಎಲ್ಲರಿಗೂ ಹೊಳೆದದ್ದು ಅತ್ತೆಯ ಗೊಂಪು. ದಾಸವಾಳದ ಸೊಪ್ಪು ಕಿವುಚಿ ತೆಗೆದ ಲೋಳೆಗೆ ಸೀಗೆ, ಅಂಟುವಾಳ ಕುದಿಸಿದ ನೀರು ಸೇರಿಸಿ ಅವರು ತಲೆಗೆ ಹಾಕಲು ಮಾಡುತ್ತಿದ್ದ ಗೊಂಪಿನ ಹದ ಬೇರೆ ಯಾರ ಕೈಗೂ ಬರುತ್ತಿರಲಿಲ್ಲ. ಶೃಂಗೇರಿಯ ಅಂಗಡಿಯವರೊಬ್ಬರು, ಯಾತ್ರೆಗೆ ಬಂದವರು ಇಂಥದ್ದನ್ನೇ ಕೇಳುತ್ತಾರೆ, ಬಾಟಲಿಯಲ್ಲಿ ತುಂಬಿ ಕೊಡಿ ಎಂದರು.

ಕೊಟ್ಟೆವು. ಹದಿನೈದು ದಿನವೂ ಆಗಿರಲಿಲ್ಲ, ಅಂಗಡಿಯವರ ಫೋನು. "ಅಮ್ಮಾ, ನಿಮ್ಮ ಬಾಟಲಿ ಮುಚ್ಚಳ ತಾನಾಗೇ ಹಾರ್ತಾ ಇದೆ. ಗಿರಾಕಿ ಮೂಗು ಮುಚ್ಕೊಂಡು ಓಡ್ತಾರೆ. ಇನ್ನೊಂದು ಸಲ ನೋಡ್ತೀನಿ, ಅಷ್ಟೇ."

ಕೊಪ್ಪದಲ್ಲಿ ನಮಗೆ ತರಬೇತಿ ಕೊಟ್ಟ ಮೇಡಂ ಹತ್ತಿರ ಓಡಿದೆವು. ಅವರು ಒಂದು ಪುಟ್ಟ ಡಬ್ಬಿಯಲ್ಲಿ ಬಿಳಿ ಪುಡಿ ಕೊಟ್ಟರು. ಹೆಸರು ಬ್ರೊನೊಪಾಲ್. ಮುಖದ ಕ್ರೀಮಿಗೂ ಶಾಂಪೂಗೂ ಹಾಕುತ್ತಾರಂತೆ, ಲ್ಯಾಬಿಗೆ ಕಳಿಸುವ ಹಾಲಿನ ಸ್ಯಾಂಪಲ್ ಕೆಡದಿರಲಿ ಅಂತಲೂ ಹಾಕುತ್ತಾರಂತೆ. ಅಳತೆ ಮೀರಬಾರದು ಎಂದು ಒಂದು ಚಿಕ್ಕ ಚಮಚವನ್ನೂ ಕೊಟ್ಟು, "ಗೊಂಪು ಪೂರ್ತಿ ಆರಿದ ಮೇಲೇ ಹಾಕಿ" ಎಂದು ಎರಡೆರಡು ಸಲ ಹೇಳಿದರು.

ಅತ್ತೆ ಡಬ್ಬಿ ಮುಟ್ಟಲೂ ಇಲ್ಲ.

"ಹಾಲಿಗೆ ಹಾಕ್ತಾರಾ? ಯಾವ ಹಾಲಿಗೆ ಮಾರಾಯ್ತಿ?"

"ಪರೀಕ್ಷೆಗೆ ಕಳಿಸೋ ಹಾಲಿಗೆ ಅತ್ತೆ. ಕುಡಿಯೋಕಲ್ಲ."

"ಕುಡಿಯೋಕಾಗದ ಹಾಲು ಕೆಡದೇ ಇದ್ರೆ ಯಾರಿಗೆ ಏನಾಗ್ಬೇಕು?"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. "ನಿಮ್ಮ ಮಿಡಿ ಉಪ್ಪಿನಕಾಯಿ ವರ್ಷಗಟ್ಟಲೆ ಕೆಡಲ್ಲ. ಅದಕ್ಕೆ ಉಪ್ಪು ಹಾಕಲ್ವಾ ನೀವು? ಇದೂ ಹಾಗೇ" ಎಂದೆ. "ಉಪ್ಪು ನಾಲಿಗೆಗೆ ಗೊತ್ತು. ಇದನ್ನ ಯಾರು ನೆಕ್ಕಿ ನೋಡಿದಾರೆ?" ಎಂದರು. ತಲೆಗೆ ಹಾಕಿದ್ದೂ ತಿಂದಿದ್ದೂ ಒಂದೇ, ಎರಡೂ ಮೈಗೆ ಇಳಿಯುತ್ತೆ ಅನ್ನುವುದು ಅವರ ಖಾಯಂ ಮಾತು. ಗುರುವಾರದ ಮೇಲೆ ಗುರುವಾರ ಇದೇ ಜಗ್ಗಾಟ. ಕೊನೆಗೊಂದು ದಿನ ನಾನು ಅಳು ತಡೆಯದೆ, "ಈ ಸಲವೂ ಕೆಟ್ಟರೆ ಸಂಘ ಮುಚ್ತದೆ ಅತ್ತೆ. ನಾನು ಮತ್ತೆ ಒಲೆ ಮುಂದೆ ಕೂರ್ತೀನಿ" ಎಂದೆ. ಅತ್ತೆ ನನ್ನ ಮುಖವನ್ನೇ ನೋಡಿದರು. "ಆಯ್ತು ಮಾರಾಯ್ತಿ, ಹಾಕುವ. ಅಳಬೇಡ" ಎಂದರು.

ಇಲ್ಲಿ ಅವರ ಇನ್ನೊಂದು ಅಭ್ಯಾಸ ಹೇಳಬೇಕು. ಪೇಟೆಯಿಂದ ಬಂದದ್ದನ್ನು ಕುದಿಸದೆ, ಕಾಯಿಸದೆ ಅವರು ಬಳಸಿದವರೇ ಅಲ್ಲ. ಕುದಿ ಬಂದರೆ ಮೈಲಿಗೆ ಹೋಯಿತು ಎಂದು ಲೆಕ್ಕ. ಮೊಮ್ಮಗಳಿಗೆ ತಂದ ಪ್ಲಾಸ್ಟಿಕ್ ಗಿಲಕಿಯನ್ನೂ ಕುದಿಯುವ ನೀರಿಗೆ ಹಾಕಿದ್ದರು, ಅದು ಮುರುಟಿ ಹಾಗಲಕಾಯಿಯ ಹಾಗೆ ಆಗಿತ್ತು.

ಎರಡನೇ ಸಲದ ಗೊಂಪು ತುಂಬಿ ಕಳಿಸಿದೆವು. ಶಾರದಾಂಬೆಗೆ ತುಪ್ಪದ ದೀಪ ಹರಸಿಕೊಂಡೆ. ಸ್ವಲ್ಪ ದಿನದಲ್ಲೇ ಎಲ್ಲ ಬಾಟಲಿಗಳೂ ಬಸ್ಸಿನಲ್ಲಿ ವಾಪಸ್ಸು ಬಂದವು, ಅದೇ ನಾತ ಹೊತ್ತು.

ಅತ್ತೆಯ ಮನೆಯಿಂದಲೇ ಮೇಡಂಗೆ ಫೋನು ಮಾಡಿದೆ. "ಎಷ್ಟು ಆರಿದ ಮೇಲೆ ಹಾಕಿದ್ರಿ?" ಎಂದು ಕೇಳಿದರು. ಗೊಂಪು ಮಾಡಿದ ದಿನ ನಾನು ಅಂಗಳದಲ್ಲಿ ಬಾಟಲಿ ಒಣಗಿಸುತ್ತಿದ್ದೆ, ಪುಡಿ ಹಾಕಿದ್ದು ನೋಡಿರಲಿಲ್ಲ. ಅತ್ತೆಯ ಕಡೆ ತಿರುಗಿದೆ.

"ಆರಿದ ಮೇಲೆ ಎಂತಕ್ಕೆ? ಹಂಡೆ ಕೊತಕೊತ ಕುದೀವಾಗ ಹಾಕಿದೆ. ಅದರ ಕೆಮಿಕಲ್ ಹೋಗ್ಲಿ ಅಂತ."

ಮೇಡಂಗೆ ಅದು ಕೇಳಿಸಿತ್ತು. "ಹೋಗಿದೆ" ಎಂದರು.

ನಾನು ರಿಸೀವರ್ ಇಟ್ಟು ಅಲ್ಲೇ ನೆಲದ ಮೇಲೆ ಕೂತೆ. ಇಷ್ಟು ತಿಂಗಳು ಕಾದಾಡಿ, ಅತ್ತು ಕರೆದು, ಒಪ್ಪಿಸಿ! ಹಾಕುವುದಿಲ್ಲ ಎಂದು ಹಟ ಮಾಡಿ ಕೆಡಿಸಿದ್ದರೂ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ನನ್ನ ಮೇಲಿನ ಕನಿಕರಕ್ಕೆ ಹಾಕಿ, ತಮ್ಮ ಶುದ್ಧದಲ್ಲಿ ಅದನ್ನು ಸುಟ್ಟಿದ್ದರು. ಅಂಗಡಿಯವರು ಮತ್ತೆ ಕೇಳಲಿಲ್ಲ. ಸಂಘ ಮುಚ್ಚಿತು.

ಮುಂದಿನ ಗುರುವಾರ ದರೆಯ ಮೇಲಿಂದ ಕೂಗು. "ಎಂತ ಮಾಡ್ತಿದ್ದೀಯೇ? ಗೊಂಪು ಮಾಡಿಟ್ಟಿದೀನಿ, ಕೆಡೋದರೊಳಗೆ ಬಾ!" ಸಿಟ್ಟಿನಲ್ಲೇ ಹೋದೆ. ನನ್ನನ್ನು ಬಚ್ಚಲ ಮಣೆಯ ಮೇಲೆ ಕೂರಿಸಿ, ತಾವೇ ತಲೆ ತಿಕ್ಕಿ ನೀರು ಹೊಯ್ದರು. ನಮ್ಮಮ್ಮ ಹೋದ ಮೇಲೆ ನನ್ನ ತಲೆಗೆ ಯಾರೂ ನೀರು ಹೊಯ್ದಿರಲಿಲ್ಲ. ಅದರ ಮುಂದಿನ ವಾರ ಉಳಿದವರೂ ಬಂದರು. ಸಂಘವಿಲ್ಲದೆಯೂ ನನ್ನ ಗುರುವಾರ ಉಳಿಯಿತು. ದೇವರು ದೊಡ್ಡದನ್ನು ಕಿತ್ತುಕೊಂಡರೂ ಚಿಕ್ಕದೊಂದನ್ನು ಕೈಯಲ್ಲಿ ಬಿಡುತ್ತಾನೆ.

ಕೆಲವು ವರ್ಷದ ನಂತರ, ಒಂದು ಗುರುವಾರ ಬೆಳಿಗ್ಗೆ, ಸೊಪ್ಪು ಕಿವುಚಿ ತಂಬಿಗೆಯಲ್ಲಿಟ್ಟು ಕಾಫಿಗೆ ಕೂತ ಅತ್ತೆ ಮತ್ತೆ ಏಳಲಿಲ್ಲ. ಎಲ್ಲ ಮುಗಿದ ಮೇಲೆ ಬಚ್ಚಲು ತೊಳೆಯಲು ಬಂದವರು ಆ ತಂಬಿಗೆಯ ಲೋಳೆ ಚೆಲ್ಲಲು ಹೋದರು. ನಾನು ಬಿಡಲಿಲ್ಲ, ಮನೆಗೆ ತಂದಿಟ್ಟುಕೊಂಡೆ. ಮಾರನೇ ದಿನ ಮುಚ್ಚಳ ತೆಗೆದರೆ ನೊರೆ ಎದ್ದಿತ್ತು, ಹುಳಿ ನಾತ. ದಾಸವಾಳದ ಬುಡಕ್ಕೆ ಸುರಿದೆ. ಕಣ್ಣೀರಿಗಿಂತ ಮೊದಲು ಬಂದದ್ದು ಅದೇ ಹಳೆಯ ಸಿಟ್ಟು.

ಆರಿದ ಮೇಲೆ ಹಾಕಬೇಕಿತ್ತು ಅತ್ತೆ.