ಕ್ಯಾಸೆಟ್ ಅಂಗಡಿಯಣ್ಣನ ಶ್ರುತಿ

ಹೋದ ವಾರ ರಕ್ತ ಪರೀಕ್ಷೆಗೆ ಅಂತ ರಾಮನಗರದ ಒಂದು ಲ್ಯಾಬಿಗೆ ಹೋಗಿದ್ದೆ. ಅಲ್ಲಿದ್ದ ಹುಡುಗಿ ಹತ್ತಿಗೆ ಸ್ಪಿರಿಟ್ ಹಾಕಿ ನನ್ನ ತೋಳಿಗೆ ಉಜ್ಜಿದ್ದೇ ತಡ, ಆ ವಾಸನೆ ಮೂಗಿಗೆ ಬಡಿದು ಕಣ್ಣು ತುಂಬಿಕೊಂಡವು. "ನೋವಾಯ್ತಾ ಮೇಡಂ?" ಅಂದಳು. ಸೂಜಿ ಇನ್ನೂ ಚುಚ್ಚಿಯೇ ಇರಲಿಲ್ಲ. ಅವಳಿಗೆ ಏನಂತ ಹೇಳೋದು? ನನಗೆ ಕಂಡದ್ದು ಚನ್ನಪಟ್ಟಣದ ಬಸ್ ಸ್ಟ್ಯಾಂಡ್ ಹಿಂದಿನ ಒಂದು ಮಳಿಗೆ. ಅದರೊಳಗೆ ಬೆಂಕಿಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್‌ನಲ್ಲಿ ಅದ್ದಿ, ಟೇಪ್ ರೆಕಾರ್ಡರಿನ ಹೆಡ್ ಒರೆಸುತ್ತಾ ಕೂತ ಒಬ್ಬ ಮನುಷ್ಯ...

ಊರಿಗೆಲ್ಲ ಅವರು ಕ್ಯಾಸೆಟ್ ಅಂಗಡಿಯಣ್ಣ. ನಮಗೆ ಬರೀ ಅಣ್ಣ. ಕ್ಯಾಸೆಟ್ ಮಾರುತ್ತಿದ್ದರು, ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬಿಸಿ ಕೊಡುತ್ತಿದ್ದರು, ಕೆಟ್ಟ ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದರು. ಇದೆಲ್ಲ ಹೊಟ್ಟೆಪಾಡಿಗೆ. ಅವರ ಪ್ರಾಣ ಇದ್ದದ್ದು ಆರ್ಕೆಸ್ಟ್ರಾದಲ್ಲಿ. ಅಂಗಡಿಯ ಮೇಲಿನ ತಗಡಿನ ಕೋಣೆಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಪ್ರಾಕ್ಟೀಸು. ಗೊಂಬೆ ಕಡೆಯುವ ಭಾಯಿಯೊಬ್ಬರು ಉಗುರಲ್ಲಿ ಅರಗಿನ ಬಣ್ಣ ಇಟ್ಟುಕೊಂಡೇ ಬಂದು ಡೋಲಕ್ ಬಾರಿಸುತ್ತಿದ್ದರು. ಬಿಡದಿಯಲ್ಲಿ ಆಗ ಒಂದಾದ ಮೇಲೊಂದು ಕಾರ್ಖಾನೆ ಏಳುತ್ತಿದ್ದ ಕಾಲ. ಅಂಥದ್ದೊಂದರಲ್ಲಿ ಕೆಲಸಕ್ಕೆ ಸೇರಿದ್ದ ಹುಡುಗ ಶಿಫ್ಟ್ ಬಸ್ಸಿನಿಂದ ಇಳಿದು, ನೀಲಿ ಯೂನಿಫಾರಂನಲ್ಲೇ ಮೆಟ್ಟಿಲು ಹತ್ತಿ ಕೀಬೋರ್ಡಿನ ಮುಂದೆ ಕೂರುತ್ತಿದ್ದ.

ಗಣೇಶನ ಹಬ್ಬಕ್ಕೆ, ಮದುವೆ ಆರತಕ್ಷತೆಗೆ ಕರೆಯೋರು. ಹೋಗಿ ಹಾಡಿ ಬರುತ್ತಿದ್ದೆವು. ಆದರೆ ಅಣ್ಣನಿಗೆ ಅದು ಸಾಲದು. "ಬೆಂಗಳೂರೋರು ಬಂದು ಹಾಡಿದ್ರೆ ಜನ ಬಾಯ್ ಬುಟ್ಕಂಡು ಕೂತ್ಕತಾರೆ. ನಾವು ಹಾಡಿದ್ರೆ ಬೋಂಡ ತಿನ್ನಕ್ಕೆ ಎದ್ದೋಯ್ತಾರೆ. ಯಾಕ್ರಲಾ? ಅವ್ರು ಹಾಡಿದ್ರೆ ಕ್ಯಾಸೆಟ್ಟಲ್ಲಿ ಇದ್ದಂಗೇ ಇರ್ತದೆ. ನಮ್ದು ನಮ್ಮಿಷ್ಟ!" ಅನ್ನೋರು. ಕ್ಯಾಸೆಟ್ಟಿಗಿಂತ ಒಂದು ಕೂದಲೆಳೆ ಆಚೆ ಈಚೆ ಹೋಗಬಾರದು, ಅದೇ ಅವರ ಕಾನೂನು.

ಆ ಕಾನೂನಿಗೆ ಜಡ್ಜು ಕೋಣೆಯಲ್ಲಿದ್ದ ದೊಡ್ಡ ಟೇಪ್ ರೆಕಾರ್ಡರು. ಅದನ್ನು ನಾವೆಲ್ಲ ಸೆಟ್ಟು ಅಂತಿದ್ದೆವು. ಒಂದು ಸಲ ಅದರ ಮೋಟಾರ್ ಸುಟ್ಟು ಹೋದಾಗ ಅಣ್ಣ ಇನ್ನೊಂದು ಹಳೇ ಸೆಟ್ಟಿನ ಮೋಟಾರ್ ಕಿತ್ತು ಹಾಕಿ ತಾವೇ ಓಡಿಸಿದ್ದರಂತೆ. ಅದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು! ಕೀಬೋರ್ಡಿನ ಹಿಂದೆ ಶ್ರುತಿ ಹೆಚ್ಚು ಕಡಿಮೆ ಮಾಡೋ ಒಂದು ಚಿಕ್ಕ ತಿರುಪು ಇತ್ತು. ಪ್ರಾಕ್ಟೀಸಿಗೆ ಮೊದಲು ಸೆಟ್ಟಿನಲ್ಲಿ ಹಾಡು ಹಾಕಿ, ಅದಕ್ಕೆ ಸರಿಯಾಗಿ ಕೀಬೋರ್ಡನ್ನು ತಿರುಪಿ, ಕೀಬೋರ್ಡಿಗೆ ಸರಿಯಾಗಿ ಡೋಲಕ್ಕಿನ ಹಗ್ಗ ಬಿಗಿದು, ಆಮೇಲೆ ಬಾಯಿ ತೆಗೆಯಬೇಕು.

ಹಾಡೋರಿಗೆ ಒಂದು ಪರೀಕ್ಷೆ ಇತ್ತು. ಸೆಟ್ಟಿನ ಜೊತೆ ಹಾಡುತ್ತಿರುವಾಗ ನಡುವೆ ಅಣ್ಣ ಸೌಂಡು ಪೂರ್ತಿ ಇಳಿಸಿಬಿಡೋರು. ಒಳಗೆ ಟೇಪು ಓಡುತ್ತಲೇ ಇರುತ್ತೆ, ಕೇಳಿಸಲ್ಲ ಅಷ್ಟೆ. ನಾವು ನಿಲ್ಲಿಸದೆ ಹಾಡಬೇಕು. ಒಂದು ಚರಣ ಮುಗಿಯೋ ಹೊತ್ತಿಗೆ ಗಿರ್ರನೆ ಸೌಂಡು ಏರಿಸೋರು. ಆಗ ನಮ್ಮ ದನಿ ಕ್ಯಾಸೆಟ್ಟಿನ ದನಿಗೆ ಹೋಗಿ ಕೂಡಬೇಕು. ಕೂಡಿದರೆ ಪಾಸು.

ನಮ್ಮಕ್ಕ ಆ ಪರೀಕ್ಷೆಯಲ್ಲಿ ಫೇಲಾದಳು. ಒಂದು ಸಲ ಅಲ್ಲ, ಹತ್ತು ಸಲ.

ಆರ್ಕೆಸ್ಟ್ರಾಕ್ಕೆ ಮೊದಲು ಹೋದದ್ದು ಅವಳೇ. ನನಗಿಂತ ನಾಲ್ಕು ವರ್ಷ ದೊಡ್ಡವಳು. ಸಾಬರ ಫಿಲೇಚರಿನಲ್ಲಿ ರೇಷ್ಮೆ ನೂಲು ತೆಗೆಯೋಕೆ ಹೋಗುತ್ತಿದ್ದಳು. ಬಿಸಿ ನೀರಿನ ತೊಟ್ಟಿಯಲ್ಲಿ ಕೈ, ತಲೆ ಮೇಲೆ ಗೋಡೆಗೆ ನೇತು ಹಾಕಿದ ರೇಡಿಯೋ. ಇಡೀ ದಿನ ಅದು ಹಾಡೋದು, ಇವಳೂ ಹಾಡೋಳು. ಹಾಡು ಅಂದರೆ ಸಾಕು, ಅವಳಿಗೆ ಊಟ ನಿದ್ದೆ ಬೇಡ. ಸ್ಟೇಜಿನ ಮೇಲೆ ನಿಂತು ಹಾಡಬೇಕು, ಅದೊಂದೇ ಆಸೆ. ಅಪ್ಪನನ್ನು ಒಪ್ಪಿಸೋಕೆ ಎರಡು ತಿಂಗಳು ಅತ್ತಿದ್ದಳು.

ಪರೀಕ್ಷೆಯಲ್ಲಿ ಸೌಂಡು ಇಳಿಸೋವರೆಗೂ ಸರಿಯಾಗೇ ಇರೋಳು. ಇಳಿಸಿದ ಮೇಲೆ ಏನಾಗುತ್ತಿತ್ತೋ, ಮತ್ತೆ ಏರಿಸಿದಾಗ ಕ್ಯಾಸೆಟ್ಟಿಗಿಂತ ಒಂದು ಎಳೆ ಕೆಳಗೆ, ಅರ್ಧ ಹೆಜ್ಜೆ ಹಿಂದೆ. ಪ್ರತಿ ಸಲವೂ ಅಷ್ಟೇ ಕೆಳಗೆ, ಅಷ್ಟೇ ಹಿಂದೆ. ಕೊನೆಗೆ ಒಂದು ಭಾನುವಾರ ಅಕ್ಕ ಸೆರಗಿನ ತುದಿ ತಿರುಚುತ್ತಾ, "ಅಣ್ಣಾ, ನಿಮ್ ಸೆಟ್ಟೇ ಒಸಿ ಬಿರ್ರನೆ ಓಡ್ತದೆ ಅನ್ಸುತ್ತೆ ಕಣಣ್ಣ" ಅಂದಳು.

ಎಲ್ಲರೂ ಗೊಳ್ಳೆಂದು ನಕ್ಕರು. "ನಿಮ್ ಸಾಬ್ರ ರೇಡಿಯೋಗೆ ಬ್ಯಾಟ್ರಿ ವೀಕಾಗಿರ್ಬೇಕು ಕಣಕ್ಕೋ" ಅಂದ ಕೀಬೋರ್ಡಿನ ಹುಡುಗ. ರೇಡಿಯೋದ ಬ್ಯಾಟರಿ ಇಳಿದರೆ ಸೌಂಡು ಇಳಿಯುತ್ತೆ, ಶ್ರುತಿ ಇಳಿಯಲ್ಲ. ರಿಪೇರಿ ಮಾಡೋ ಅಣ್ಣನಿಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೂ ಅವರೂ ನಕ್ಕರು. ಅಕ್ಕನಿಗೆ ಜೊತೆಯಾಗಿ ಹೋಗಿ ಮೂಲೆಯಲ್ಲಿ ಕೂತಿದ್ದ ನಾನೂ ನಕ್ಕೆ.

"ನಿನ್ ಗಂಟ್ಲು ಚೆಂದಾಗೈತೆ ಕಣವ್ವ. ಕಿವಿ ಒಸಿ ಸಾಲ್ದು. ಸ್ಟೇಜು ಬ್ಯಾಡ, ಬುಡು" ಅಂದರು ಅಣ್ಣ. ಮೆತ್ತಗೇ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ನೀನೊಂದ್ಸಲ ಹಾಡು ನೋಡಾನ" ಅಂದರು. ನಾನು ಆ ಹಾಡುಗಳನ್ನು ಕಲಿತದ್ದೇ ಆ ಕೋಣೆಯಲ್ಲಿ, ಆ ಸೆಟ್ಟು ಕೇಳಿಕೊಂಡು. ಸೌಂಡು ಇಳಿಸಿದರು, ಏರಿಸಿದರು. ನನ್ನ ದನಿ ಹೋಗಿ ಕ್ಯಾಸೆಟ್ಟಿಗೆ ಅಂಟಿಕೊಂಡಿತು. ಅಣ್ಣ ಎದ್ದು ನಿಂತು ಚಪ್ಪಾಳೆ ಹೊಡೆದರು. ನಾನು ಅಕ್ಕನ ಮುಖ ನೋಡಲಿಲ್ಲ.

ಸ್ಟೇಜಿಗೆ ಹೋಗುವಾಗ ನನಗೆ ಜಡೆ ಹಾಕಿ ಕಳಿಸುತ್ತಿದ್ದವಳೂ ಅಕ್ಕನೇ. ಆದರೆ ಮನೆಯಲ್ಲಿ ಹಾಡೋದು ನಿಲ್ಲಿಸಿಬಿಟ್ಟಳು. ಪಾತ್ರೆ ತೊಳೆಯುವಾಗಲೂ ಇಲ್ಲ. "ಯಾಕವ್ವ, ಗಂಟ್ಲು ಕಟ್ಟೈತಾ?" ಅಂತ ನಮ್ಮವ್ವ ಕೇಳುತ್ತಿದ್ದಳು. ವರ್ಷದೊಳಗೆ ಮಾಗಡಿ ಕಡೆಯ ಒಂದು ಹಳ್ಳಿಗೆ ಮದುವೆಯಾಗಿ ಹೋದಳು.

ಅದಾಗಿ ಎರಡು ವರ್ಷಕ್ಕೆ ಅಣ್ಣ ಕಾಯುತ್ತಿದ್ದ ದಿನ ಬಂತು. ಕೀಬೋರ್ಡಿನ ಹುಡುಗನ ಕಾರ್ಖಾನೆಯಲ್ಲಿ ಫ್ಯಾಮಿಲಿ ಡೇ. ಪ್ರತಿ ವರ್ಷ ಬೆಂಗಳೂರಿನ ಟ್ರೂಪು ಕರೆಸೋರು, ಈ ಸಲ ನಮಗೆ ಕೊಟ್ಟರು. ಅಣ್ಣ ಮೂರು ತಿಂಗಳು ನಮ್ಮನ್ನು ಅರೆದು ಹಾಕಿದರು. ಕೊಳಲಿನ ಬಿಟ್ ಬಂದ ಕಡೆ ಇಷ್ಟು ದಿನ ಕೀಬೋರ್ಡಿನಲ್ಲೇ ನುಡಿಸುತ್ತಿದ್ದೆವು. ಅದು ಕೂಡದು, ಕೊಳಲು ಅಂದರೆ ಕೊಳಲೇ ಆಗಬೇಕು ಅಂತ ಬೆಂಗಳೂರಿನಿಂದ ಒಬ್ಬ ಕೊಳಲಿನವರನ್ನು ಗೊತ್ತು ಮಾಡಿದರು. ಸಿನಿಮಾ ಹಾಡುಗಳಿಗೆ ನುಡಿಸುವ ದೊಡ್ಡ ಮನುಷ್ಯರು. ನೇರವಾಗಿ ಕಾರ್ಖಾನೆಗೇ ಬಂದರು, ಬೆಳಿಗ್ಗೆ ಹತ್ತಕ್ಕೆ. ಪ್ರೋಗ್ರಾಂ ಇದ್ದದ್ದು ಹನ್ನೊಂದಕ್ಕೆ.

ಶಾಮಿಯಾನದ ಹಿಂದೆ ಒಂದು ಸಲ ನೋಡಿಬಿಡೋಣ ಅಂತ ಕೂತು ಮೊದಲ ಹಾಡು ಶುರು ಮಾಡಿದೆವು. ಅವರು ಚೀಲ ಬಿಚ್ಚಿ ಒಂದು ಕೊಳಲು ತೆಗೆದರು, ಊದಿದರು, ಇಟ್ಟರು. ಇನ್ನೊಂದು ತೆಗೆದರು. ಅದನ್ನೂ ಇಟ್ಟರು. ಚೀಲದಲ್ಲಿದ್ದ ಕೊಳಲೆಲ್ಲ ಮುಗಿದ ಮೇಲೆ ಅವರು ನಗುತ್ತಲೇ ಹೇಳಿದರು. "ಏನ್ಸಾರ್, ಎಲ್ಲಾ ಶ್ರುತಿ ಕೊಳಲೂ ತಂದಿದ್ದೀನಿ. ನಿಮ್ಮ ಶ್ರುತಿ ಯಾವ್ದಕ್ಕೂ ಸೇರ್ತಿಲ್ಲ. ಎರಡು ಮನೆ ಮಧ್ಯೆ ಸಂದೀಲಿ ನಿಂತಿದೆ. ಎಲ್ಲಿಂದ ತಂದ್ರಿ ಇದನ್ನ?"

"ಕ್ಯಾಸೆಟ್ಟಲ್ಲಿ ಇರೋದೇ ಇದು" ಅಂದರು ಅಣ್ಣ.

"ಈ ಹಾಡಿಗೆ ನುಡಿಸಿದವರಲ್ಲಿ ನಾನೂ ಒಬ್ಬ ಸಾರ್. ಇದಲ್ಲ. ನಿಮ್ಮ ಟೇಪ್ ರೆಕಾರ್ಡರ್ ಸ್ವಲ್ಪ ಜೋರಾಗಿ ಓಡುತ್ತೆ ಅನ್ಸುತ್ತೆ, ನೋಡಿಸಿ."

ಅಣ್ಣ ಸಿಟ್ಟಾಗುತ್ತಾರೆ, ವಾದ ಹಾಕುತ್ತಾರೆ ಅಂದುಕೊಂಡೆವು. ಇಲ್ಲ. ನನ್ನ ಕಡೆ ತಿರುಗಿ ಕೇಳಿದ್ದು ಒಂದೇ ಮಾತು.

"ನಿಮ್ಮಕ್ಕ ಈಗ ಎಲ್ಲವ್ಳವ್ವ?"

ಕೀಬೋರ್ಡಿನ ತಿರುಪನ್ನು ಇರಬೇಕಾದ ಜಾಗಕ್ಕೆ ತಂದರು, ಭಾಯಿ ಡೋಲಕ್ಕಿನ ಹಗ್ಗ ಸಡಿಲಿಸಿದರು, ಪ್ರೋಗ್ರಾಂ ನಡೆಯಿತು. ಚೆನ್ನಾಗಿಯೇ ನಡೆಯಿತು ಅನ್ನಬೇಕು. ಕೊಳಲು ಬಂದು ಕೂಡಿಕೊಂಡಾಗ ಮೈ ಝುಂ ಅಂದಿತು, ಅಷ್ಟು ಜನರಲ್ಲಿ ಒಬ್ಬರೂ ಎದ್ದು ಹೋಗಲಿಲ್ಲ. "ಬೆಂಗಳೂರೋರ ಹಂಗೇ ಮಾಡುದ್ರಲ್ಲಪ್ಪ" ಅಂತ ಯಾರೋ ಅಣ್ಣನ ಕೈ ಕುಲುಕಿದರು. ಜೀವಮಾನವೆಲ್ಲ ಕಾದಿದ್ದ ಮಾತು! ಅವರು ಹೂಂ ಅಂದರು ಅಷ್ಟೆ.

ಮುಂದಿನ ಭಾನುವಾರ ಅಂಗಡಿ ಬಾಗಿಲು ಹಾಕಿ ನನ್ನನ್ನು ಕರೆದುಕೊಂಡು ಮಾಗಡಿ ಬಸ್ಸು ಹತ್ತಿದರು. ಅಕ್ಕನ ಮನೆಯಲ್ಲಿ ಅವತ್ತು ರೇಷ್ಮೆ ಹುಳ ಹಣ್ಣಾಗಿದ್ದವು. ಹಣ್ಣಾದ ಹುಳ ಕಾಯೋದಿಲ್ಲ. ಒಂದೊಂದನ್ನೇ ಆರಿಸಿ ಚಂದ್ರಿಕೆಗೆ, ಅಂದರೆ ಹುಳ ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಬಿಡಬೇಕು. ಅಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಹುಳದ ಮನೆಯಿಂದ ಆಚೆ ಬಂದಳು. ಅಣ್ಣ ನಿಂತಲ್ಲೇ ಎಲ್ಲ ಹೇಳಿದರು. ತಾವು ಕಿತ್ತು ಹಾಕಿದ್ದ ಮೋಟಾರು ಜೋರಾಗಿ ಓಡುತ್ತಿದ್ದದ್ದು, ಕೊಳಲು, ಎಲ್ಲ. "ನೀನೇ ಸರಿ ಇದ್ದೆ ಕಣವ್ವ. ನಾನು ಸೆಟ್ಟು ನಂಬ್ದೆ, ನಿನ್ ಕಿವಿ ನಂಬ್ನಿಲ್ಲ" ಅಂತ ಕೈ ಮುಗಿದರು.

"ಅಯ್ಯೋ, ಬುಡಣ್ಣ, ಯಾವ್ ಕಾಲದ್ದು..." ಅಂದಳು ಅಕ್ಕ. "ಹುಳ ಹಣ್ಣಾಗವೆ, ಕೂರಕ್ಕೂ ಹೊತ್ತಿಲ್ಲ. ಕಾಪಿ ಕಾಯಿಸ್ಲಾ?"

ಅಣ್ಣ ಕಾಫಿ ಬೇಡ ಅಂದು, ಕೈ ತೊಳೆದುಕೊಂಡು ಅವಳ ಹಿಂದೆಯೇ ಹುಳದ ಮನೆಗೆ ಹೋದರು. ನಾನೂ ಹೋದೆ. ಮೂವರೂ ಕೂತು ಮಧ್ಯಾಹ್ನದವರೆಗೂ ಹುಳ ಆರಿಸಿದೆವು. ಕೆಲಸದ ಭರದಲ್ಲಿ ಅಕ್ಕ ತನಗೇ ಗೊತ್ತಿಲ್ಲದೆ ಏನೋ ಗುನುಗೋಕೆ ಶುರು ಮಾಡಿದಳು. ನಾನು ಕಾರ್ಖಾನೆಯಲ್ಲಿ ಹಾಡಿ ಬಂದಿದ್ದ ಹಾಡೇ. ಕೊಳಲಿನವರು ಊದಿದ್ದರಲ್ಲ, ಅದೇ ಜಾಗದಲ್ಲಿ, ಒಂದು ಕೂದಲೆಳೆ ಆಚೆಯಿಲ್ಲ ಈಚೆಯಿಲ್ಲ. ಅಣ್ಣನ ಕೈ ನಿಂತುಹೋಯಿತು. ಅಂಗೈ ಮೇಲೆ ಹುಳ ಹರಿದಾಡುತ್ತಿದೆ, ಇವರು ತಲೆ ತಗ್ಗಿಸಿ ಕೇಳುತ್ತಿದ್ದಾರೆ... ಎಷ್ಟು ಚೆನ್ನಾಗಿ ಹಾಡುತ್ತಿದ್ದಳು ನಮ್ಮಕ್ಕ! ನಮ್ಮ ಕೈ ನಿಂತದ್ದು ಗೊತ್ತಾಗಿ ನಾಚಿಕೊಂಡು ನಿಲ್ಲಿಸಿದಳು.

"ಈಗ ಬತ್ತೀಯೇನವ್ವ, ಹಾಡಕ್ಕೆ?" ಅಂದರು ಅಣ್ಣ.

"ಇಲ್ಲ ಕಣಣ್ಣ" ಅಂದಳು. ಆಮೇಲೆ ಹುಳ ಆರಿಸುತ್ತಲೇ, "ಆವತ್ತು ಕೇಳಿದ್ರೆ ಬತ್ತಿದ್ದೆ" ಅಂದಳು.

ವಾಪಸ್ಸು ಬರುವ ಬಸ್ಸಿನಲ್ಲಿ ಅಣ್ಣ, "ತಪ್ಪು ನಂದೊಬ್ಬಂದೇ ಕಣವ್ವ. ಇನ್ಯಾರ್ದೂ ಅಲ್ಲ" ಅಂದರು. ನಾನು ಕಿಟಕಿಯಾಚೆ ನೋಡುತ್ತಾ ಕೂತೆ.

ಅವರೊಬ್ಬರದ್ದಲ್ಲ. ಇಷ್ಟು ವರ್ಷದಲ್ಲಿ ಯಾರ ಹತ್ತಿರವೂ ಬಾಯಿ ಬಿಡದ್ದನ್ನು ಈಗ ಹೇಳುತ್ತಿದ್ದೇನೆ. ನನಗೆ ಗೊತ್ತಿತ್ತು. ಅಕ್ಕನನ್ನು ಬೇಡ ಅಂದ ಮುಂದಿನ ವಾರವೇ ಗೊತ್ತಾಗಿತ್ತು. ಅವಳಿಗೆ ಬುತ್ತಿ ಕೊಡೋಕೆ ಫಿಲೇಚರಿಗೆ ಹೋಗಿದ್ದೆ. ರೇಡಿಯೋದಲ್ಲಿ ನಾವಿಬ್ಬರೂ ಪರೀಕ್ಷೆಗೆ ಹಾಡಿದ್ದ ಅದೇ ಹಾಡು ಬರುತ್ತಿತ್ತು. ಜೊತೆಗೆ ಹಾಡಿಕೊಳ್ಳೋಣ ಅಂತ ಬಾಯಿ ತೆಗೆದೆ, ನನ್ನ ದನಿ ಮೇಲೆ ನಿಂತಿತು. ಇಳಿಸಿಕೊಳ್ಳಬೇಕಾಯಿತು. ಒಂದು ಎಳೆ, ಅಕ್ಕ ಫೇಲಾಗುತ್ತಿದ್ದಳಲ್ಲ ಅಷ್ಟೇ. ಆ ಕಡೆ ತೊಟ್ಟಿಯ ಮುಂದೆ ಬೆನ್ನು ಮಾಡಿ ಕೂತ ಅಕ್ಕ ಬಾಯಿ ತೆಗೆಯದೆಯೇ ಬೆರಳಲ್ಲಿ ತಾಳ ಹಾಕುತ್ತಿದ್ದಳು. ಆಮೇಲೆ ಬಸ್ಸಿನಲ್ಲಿ ಕೇಳಿದೆ, ಗೆಳತಿಯ ಮನೆಯ ಟೀವಿಯಲ್ಲಿ ಕೇಳಿದೆ. ಎಲ್ಲ ಕಡೆಯೂ ಅಕ್ಕನೇ ಸರಿ, ನಾನೇ ತಪ್ಪು. ಓಡಿ ಹೋಗಿ ಅಣ್ಣನಿಗೆ ಹೇಳಿದ್ದರೆ ಒಂದು ನಿಮಿಷದ ಕೆಲಸ. ಆದರೆ ಆ ಶನಿವಾರ ಗಣೇಶನ ಪೆಂಡಾಲಿನಲ್ಲಿ ನನ್ನ ಮೊದಲ ಸ್ಟೇಜು. ಸೆಟ್ಟು ತಪ್ಪು ಅಂದರೆ ಆ ಮೈಕು ಅಕ್ಕನದ್ದು. ಬಾಯಿ ಮುಚ್ಚಿಕೊಂಡು ಜಡೆ ಹಾಕಿಸಿಕೊಂಡೆ, ಅವಳ ಕೈಯಿಂದಲೇ.

ಆಮೇಲೆ ಅಣ್ಣ ಆ ಪರೀಕ್ಷೆ ಕೈಬಿಟ್ಟರು. ಹಾಡೋಕೆ ಯಾರೇ ಹೊಸಬರು ಬಂದರೂ, "ನಿಂಗೆ ಹೆಂಗನ್ಸುತ್ತೆ ಹೇಳವ್ವ ಮೊದ್ಲು" ಅಂತ ಕೇಳೋರು. ಒಂದೆರಡು ವರ್ಷಕ್ಕೆ ಬರೀ ಮ್ಯೂಸಿಕ್ಕಿನ ಟ್ರ್ಯಾಕ್ ಹಾಕಿಕೊಂಡು ಹಾಡೋರು ಬಂದರು, ನಮ್ಮನ್ನು ಕರೆಯೋರಿಲ್ಲವಾದರು. ನಾನು ಟೀಚರ್ ಕೆಲಸ ಸಿಕ್ಕಿ ರಾಮನಗರಕ್ಕೆ ಬಂದೆ.

ಎರಡು ವರ್ಷದ ಹಿಂದೆ ಅವರಿಗೆ ಹುಷಾರಿಲ್ಲ ಅಂತ ಕೇಳಿ ನೋಡೋಕೆ ಹೋದೆ. ಹಾಸಿಗೆ ಹಿಡಿದಿದ್ದರು. ನನ್ನ ಗುರುತು ಹಿಡಿದರು, ಕೈ ಹಿಡಿದುಕೊಂಡರು. "ನಿಮ್ಮಕ್ಕಂಗೆ ಅನ್ಯಾಯ ಮಾಡ್ಬುಟ್ಟೆ ಕಣವ್ವ" ಅಂದರು. ಇಪ್ಪತ್ತು ವರ್ಷಕ್ಕೆ ಹತ್ತಿರವಾಗಿತ್ತು, ಇನ್ನೂ ಅದೇ ಮಾತು. ಹೇಳಬಹುದಿತ್ತು ಆಗ. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಅವರ ಹೊದಿಕೆ ಸರಿ ಮಾಡುತ್ತಾ, "ಬಿಡಿ ಅಣ್ಣ, ಯಾವ ಕಾಲದ್ದು" ಅಂದುಬಿಟ್ಟೆ. ಅಕ್ಕ ಆ ಮಾತು ಆಡಬಹುದಿತ್ತು. ನಾನು ಆಡಬಾರದಿತ್ತು. ಆ ತಿಂಗಳು ಮುಗಿಯುವ ಮೊದಲೇ ಅಣ್ಣ ಹೋದರು.

ಈಗಲೂ ಚನ್ನಪಟ್ಟಣದಲ್ಲಿ ಬಸ್ಸಿಳಿದರೆ ಕಾಲು ತಾನಾಗಿಯೇ ಆ ಮಳಿಗೆ ಕಡೆ ತಿರುಗುತ್ತೆ. ಒಂದೇ ಒಂದು ಸಲ ಅವರ ಮುಂದೆ ನಿಂತು, "ಅಣ್ಣಾ, ನಂಗೆ ಮೊದಲೇ ಗೊತ್ತಿತ್ತು" ಅಂತ ಹೇಳಿ, ಬಾಯಿ ತುಂಬ ಬೈಸಿಕೊಂಡು ಬರಬೇಕು ಅನ್ನಿಸುತ್ತೆ. ಬಯ್ಯೋಕೆ ಅವರಿಲ್ಲ. ಅಕ್ಕ ಇದ್ದಾಳೆ, ಅವಳಿಗೂ ಇನ್ನೂ ಹೇಳಿಲ್ಲ...