ಡಬ್ಬಿ ಬಿಟ್ಟು ಬಾ ಅಂದಿದ್ದು ನಾನು

ಸವಿತಾ ಅವತ್ತು ಆ ಡಬ್ಬಿ ಮನೇಲಿ ಬಿಟ್ಟು ಬಂದಿದ್ದು ನಾನು ಹೇಳಿದ್ದಕ್ಕೆ. ಮರೆತಲ್ಲ. ಗಂಡನ್ನ ನೋಡೋ ಆಸೆಗಂತೂ ಅಲ್ವೇ ಅಲ್ಲ. ಒಂದು ವರ್ಷ ಬಾಯಿ ಮುಚ್ಕೊಂಡಿದ್ದೆ.

ಗೊತ್ತಿಲ್ದೋರಿಗೆ ಹೇಳ್ತೀನಿ — ಹೆಂಡ್ತಿಗೆ ಹೊಡೀತಿದ್ದ ಅಂತ ಕೋರ್ಟು ಅವಳ ಗಂಡ ಪ್ರದೀಪನ ಕಾಲಿಗೆ ಜಿಪಿಎಸ್ ಪಟ್ಟಿ ಕಟ್ಟಿಸಿತ್ತು. ಇಲ್ಲಿ ಜರ್ಮನಿಯವರು ಅದನ್ನ ಫುಸ್‌ಫೆಸೆಲ್ ಅಂತಾರೆ. ಸವಿತಾ ಹತ್ರಾನೂ ಮೊಬೈಲಿನಷ್ಟಿರೋ ಒಂದು ಡಬ್ಬಿ. ಅವನು ಹತ್ರ ಬಂದ್ರೆ ಅದು ಕೂಗುತ್ತೆ, ಪೊಲೀಸರಿಗೂ ಗೊತ್ತಾಗುತ್ತೆ. ಡಬ್ಬಿ ಎಲ್ಲಿದ್ಯೋ ಅವಳೂ ಅಲ್ಲೇ ಅಂತ ಲೆಕ್ಕ.

ನಂಗೆ ಆ ಪಟ್ಟಿ ಕಂಡ್ರೆ ಉರೀತಿತ್ತು. ಡ್ರೆಸ್ಡೆನ್ ಕನ್ನಡದವರ ಮಾನ ಹೋಯ್ತಂತೆ — ಅವನು ಹೊಡೆದಾಗ ಹೋಗದ ಮಾನ. ಎಲ್ಲರಿಗಿಂತ ಹಿರಿಯಳು ನಾನು, ಎದುರುಬದುರು ಕೂರಿಸಿ ರಾಜಿ ಮಾಡಿಸ್ತೀನಿ ಅನ್ನೋ ಜಂಬ ಬೇರೆ. ವರಮಹಾಲಕ್ಷ್ಮಿ ಹಬ್ಬದ ದಿನ ಅರಿಶಿನ ಕುಂಕುಮಕ್ಕೆ ಕರೆದೆ. ಹೊರಡೋಕೆ ಮುಂಚೆ ಫೋನ್ ಮಾಡಿ, ಡಬ್ಬಿ ತರ್ಲಾ ಅಂತ ಸವಿತಾ ಕೇಳಿದ್ಲು.

"ಅದನ್ನ ಮನೇಲೇ ಬಿಟ್ಟು ಬಾರೆ. ಪೂಜೆ ಮಧ್ಯೆ ಕುಯ್ಯೋ ಅಂದ್ರೆ ಚೆನ್ನಾಗಿರುತ್ತಾ? ನಾವು ಹೆಂಗಸರೇ ಇರೋದು."

"ಅವರು ಬರಲ್ಲ ತಾನೆ ಅಕ್ಕಾ?"

"ಇಲ್ವೇ."

ಅವನು ಆಗಲೇ ನನ್ನ ಮಗಳ ರೂಮಲ್ಲಿ ಕೂತು ಕಾಫಿ ಕುಡೀತಿದ್ದ.

ಬಂದಳು. ಕುಂಕುಮ ಕೊಟ್ಟೆ, ಹೂ ಮುಡಿಸಿದೆ, ಕೈ ಹಿಡ್ಕೊಂಡು ರೂಮಿಗೆ ಕರ್ಕೊಂಡು ಹೋದೆ. ಅವನನ್ನ ನೋಡಿ ನನ್ನ ಕಡೆ ತಿರುಗಿದ್ಲು — ಆ ನೋಟ — ಬಿಡಿ. ಬಾಗಿಲು ಹಾಕಿದ್ದು ಅವನಲ್ಲ, ನಾನು. ಒಳಗಿಂದ ಸದ್ದು ಬಂತು. ಹಾಲಲ್ಲಿದ್ದ ಹೆಂಗಸರಿಗೆ ಕೇಳ್ದೇ ಇರ್ಲಿ ಅಂತ ದೇವರನಾಮದ ವಾಲ್ಯೂಮ್ ಜಾಸ್ತಿ ಮಾಡಿದೆ.

ಅವಳ ದವಡೆ ಮುರಿದಿತ್ತು.

ಮಾತಾಡೋಕಾಗದೆ, ಡಬ್ಬಿ ಬಿಡಿಸಿದ್ದು ಅಕ್ಕಾನೇ ಅಂತ ಪೊಲೀಸರಿಗೆ ಬರೆದು ಕೊಟ್ಟಳು. ನಾನು ಸುಳ್ಳು ಅಂದೆ. ಅವಳೇ ಅವನನ್ನ ಇಲ್ಲಿಗೆ ಕರೆಸ್ಕೊಂಡಿದ್ದು ಅಂತಾನೂ ಅಂದೆ. ನೀವು ವಾಟ್ಸಾಪ್ ಗ್ರೂಪಲ್ಲಿ "ಡಬ್ಬಿ ಬಿಟ್ಟು ಬಂದ್ಲಂದ್ರೆ ಅವಳಿಗೂ ಬೇಕಿತ್ತು" ಅಂತ ಆಡ್ಕೊಂಡಾಗ ನಗೋ ಇಮೋಜಿ ಹಾಕಿದ್ದೂ ನಾನೇ. ಈಗ ಇದರ ಕೆಳಗೆ ಬಂದು 'ಧೈರ್ಯ ಮೆಚ್ಚಬೇಕು ಅಕ್ಕ' ಅಂತ ಯಾರೂ ಬರೀಬೇಡಿ. ಅಸಹ್ಯ ಆಗುತ್ತೆ. ಅವನ ವಕೀಲರು, ಅವಳೇ ಕರೆಸ್ಕೊಂಡಿದ್ದು ಅನ್ನೋ ನನ್ನ ಮಾತು ಹಿಡ್ಕೊಂಡು, ಪಟ್ಟಿ ಬಿಚ್ಚಿ ಅಂತ ಕೋರ್ಟಿಗೆ ಹೋಗಿದ್ದಾರೆ.

ಗುರುವಾರ ವಿಚಾರಣೆ. ಹೋಗ್ತೀನಿ. ಸುಳ್ಳು ಹೇಳಿದ್ದು ನಾನು ಅಂತೀನಿ. ನನ್ನ ಮೇಲೂ ಕೇಸ್ ಹಾಕ್ಲಿ.

ಸವಿತಾ, ಕ್ಷಮಿಸು ಅಂತ ಕೇಳಲ್ಲ ಕಣೆ. ನನ್ನ ಮುಖ ನೋಡೋದೂ ಬೇಡ. ಜಡ್ಜ್ ಮುಖ ನೋಡ್ತಾ ಕೇಳಿಸ್ಕೋ, ಸಾಕು.