ಬಹುದು, ಬಾರದು

ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ, ಗೋದಾಮಿನ ಬಾಗಿಲಿನ ಎಡಗಡೆ, ಎರಡು ನೀಲಿ ಡ್ರಮ್ಮುಗಳಿಂದ ಹತ್ತು ಹೆಜ್ಜೆ ದೂರದಲ್ಲಿ ನಾನು ನಿಂತಿದ್ದೆ. ಹೋದ ಬೇಸಿಗೆಯ ಒಂದು ಮಂಗಳವಾರ. ಬೆಳಗಿನ ಹನ್ನೊಂದು ದಾಟಿತ್ತು. ನಿಂತು ಮಾಡುತ್ತಿದ್ದುದೇನೆಂದರೆ, ಹೇಳಲು ನಾಚಿಕೆ, ನನ್ನದೇ ಅಕ್ಷರಗಳನ್ನು ನೋಡಿ ಹಿಗ್ಗುತ್ತಿದ್ದೆ.

ರಾಯಚೂರಿನಲ್ಲಿ ನನಗೊಂದು ಡಿಟಿಪಿ ಅಂಗಡಿ ಇದೆ. ನೀವು ಬಿಡುವಿನಲ್ಲಿ ಪದಬಂಧ ತುಂಬುವಂತೆ ನಾನು ಫಾಂಟು ಮಾಡುತ್ತೇನೆ: ಮೆಣಸಿನಕಾಯಿಯ ತೊಟ್ಟಿರುವ ಅಕ್ಷರ, ಬಸ್ಸಿನ ಗಾಲಿಯ ಮೇಲೆ ಕುಳಿತ ಅಕ್ಷರ. ಯಾರೂ ಕೇಳದ ಈ ಸಂಪತ್ತಿನಲ್ಲಿ ಭತ್ತದ ಕಾಳುಗಳಿಂದ ಕಟ್ಟಿದ ಫಾಂಟೊಂದನ್ನು ಮಾತ್ರ ಗಿರಣಿಯ ಸಾಹುಕಾರರು ಮೆಚ್ಚಿದರು. “ಗಿರಣಿ ತುಂಬ ಇವೇ ಅಕ್ಷರ ಇರ್ಲಿರೀ, ಭಾಳ ಛಂದ ಅದಾವ” ಎಂದರು. ಹೀಗಾಗಿ ನೀರಿನ ಡ್ರಮ್ಮಿನ ಮೇಲೆ ‘ಕುಡಿಯಬಹುದು’ ಎಂದೂ, ಗೋದಾಮಿಗೆ ಸಿಂಪಡಿಸುವ ಕೀಟನಾಶಕ ಕಲಸಿದ ಡ್ರಮ್ಮಿನ ಮೇಲೆ ‘ಕುಡಿಯಬಾರದು’ ಎಂದೂ ಒಂದೇ ಚೆಲುವಿನಲ್ಲಿ ಬರೆದುಕೊಟ್ಟಿದ್ದೆ.

ಅಂದು ಕೆಲಸಕ್ಕೆ ಹೊಸದಾಗಿ ಬಂದಿದ್ದ ಮಸರಕಲ್ಲಿನ ಯಂಕಮ್ಮ ಎರಡನೆಯ ಡ್ರಮ್ಮಿನ ಮುಂದೆ ನಿಂತು, ತುಟಿ ಅಲುಗಿಸುತ್ತ ಬೋರ್ಡು ಓದಿ, ಲೋಟ ಅದ್ದಿ ಬಾಯಿಗೆ ಎತ್ತಿದಳು. ನಾನು ನೋಡಿದೆ. ನನ್ನ ನಾಲಿಗೆ ಹೊರಳಲಿಲ್ಲ. ಚೀಲ ಹೊತ್ತು ಬರುತ್ತಿದ್ದ ಹಮಾಲ ಇಸ್ಮಾಯಿಲ್ ಚೀಲ ಬಿಸುಟು ಓಡಿಬಂದು ಲೋಟಕ್ಕೆ ಹೊಡೆದ.

“ಯಾಕ್ಲೇ, ಕುಡಿಯಬಹುದು ಅಂತ ಬರೆದಾರಲ್ಲ!”

“ಬಾರದು ಅಂತ ಬರೆದಾರಬೇ! ಅದರಾಗ ಎಣ್ಣಿ ಕಲಸ್ಯಾರ!” ನಮ್ಮ ಕಡೆ ಕೀಟನಾಶಕಕ್ಕೂ ಎಣ್ಣೆಯೆಂದೇ ಹೆಸರು.

“ಯಂಕಮ್ಮನ ಸಾಲಿ ಮುಗೀತು ನೋಡ್ರಿ!” ಎಂದ ಇನ್ನೊಬ್ಬ ಹಮಾಲ ಬಸಣ್ಣ. ಎಲ್ಲರೂ ನಕ್ಕರು. ಐವತ್ತು ದಾಟಿದ ಮೇಲೆ ಅಕ್ಷರ ಕಲಿತವಳು ಆಕೆ. ಅಂದಿನಿಂದ ಬಸ್ಸಿನ ಬೋರ್ಡನ್ನೂ ಓದುವುದು ಬಿಟ್ಟಳೆಂದು ಇಸ್ಮಾಯಿಲ್ ಆಮೇಲೆ ನನಗೆ ಹೇಳಿದ.

ಡ್ರಮ್ಮಿನ ಬೋರ್ಡನ್ನು ಅಂದೇ ಕಿತ್ತು ತಂದಿದ್ದೆ; ಅಂಗಡಿಯಲ್ಲಿ ಅದನ್ನು ಎದುರಿಗಿಟ್ಟುಕೊಂಡು ನೋಡಿದೆ. ‘ಬಾ’ದ ದೀರ್ಘವನ್ನು ಒಂದು ಸಣ್ಣ ಕಾಳಾಗಿಸಿದ್ದೆ. ‘ರ’ ಬರೀ ದುಂಡಗೆ ಸಪ್ಪೆ ಕಾಣುತ್ತದೆಂದು ಅದರ ಬಲಕ್ಕೂ ಒಂದು ಕಾಳು ತೂಗಿಬಿಟ್ಟಿದ್ದೆ. ಯಂಕಮ್ಮ ದೀರ್ಘವನ್ನು ಅಲಂಕಾರವೆಂದು ಬಿಟ್ಟಳು. ಕಾಳುಗಳ ನಡುವೆ ‘ರ’ ಆಕೆಗೆ ‘ಹ’ದಂತೆ ಕಂಡಿತ್ತು; ಅಲಂಕಾರವನ್ನು ಕೊಂಬೆಂದು ಹಿಡಿದು ‘ಹು’ ಎಂದು ಓದಿದಳು. ಆಕೆ ಓದಿದ್ದು ಸರಿಯಾಗಿತ್ತು. ನಾನು ಬರೆದದ್ದು ತಪ್ಪಾಗಿತ್ತು.

ಎರಡು ತಿಂಗಳು ಕುಳಿತು ಎಚ್ಚರಿಕೆಯ ಬೋರ್ಡಿಗೆಂದೇ ಇನ್ನೊಂದು ಫಾಂಟು ಮಾಡಿದೆ: ದೀರ್ಘ ಉದ್ದ, ಕೊಂಬು ದಪ್ಪ, ಕಾಳಿಲ್ಲ, ಬಾಲವಿಲ್ಲ. ಅದರಲ್ಲಿ ಬರೆದ ಹೊಸ ಬೋರ್ಡು ಹಿಡಿದು ದೇವದುರ್ಗದ ಬಸ್ಸು ಹತ್ತಿ ಮಸರಕಲ್ಲಿಗೆ ಹೋದೆ. ಯಂಕಮ್ಮ ಮೊದಲು “ನನಗ ಓದಾಕ ಬರಂಗಿಲ್ಲಪಾ” ಎಂದು ಮುಖ ತಿರುಗಿಸಿದಳು. ನಾನು ಹಳೆಯ ಬೋರ್ಡನ್ನೂ ಪಕ್ಕಕ್ಕಿಟ್ಟು ಕಾಳುಗಳನ್ನು ತೋರಿಸಿದೆ. ಆಕೆ ಎರಡರ ಮೇಲೂ ಬೆರಳಾಡಿಸಿದಳು.

“ಇದು ಬೈದಂಗ ಅದ. ಆ ಹಳೀ ಅಕ್ಷರ ನಗಾಕತ್ತಿದ್ದುವು.” ಆಮೇಲೆ ಕೇಳಿದಳು: “ಹಂಗಾರ ತಪ್ಪು ನಂದಲ್ಲ?”

“ಅಲ್ಲ ಯವ್ವಾ, ನಂದು.”

“ಮತ್ತ ಅವತ್ತು ಯಾಕ ಬಾಯಿ ಬಿಡಲಿಲ್ಲ?”

ನಾನು ಹಳೆಯ ಬೋರ್ಡನ್ನು ಮಗುಚಿಟ್ಟೆ. “ನನ್ನ ಮುಂದ ಹೇಳಿದ್ರ ಏನಾಕ್ಕತಿ? ನಕ್ಕವರ ಮುಂದ ಹೇಳು” ಎಂದಳು.

ಮರುದಿನ ಗಿರಣಿಯಲ್ಲಿ, ಹಮಾಲರು ಚಹಾಕ್ಕೆ ಕುಳಿತಾಗ, ಎರಡೂ ಬೋರ್ಡುಗಳನ್ನು ಎತ್ತಿ ಹಿಡಿದು, ತಪ್ಪು ಯಂಕಮ್ಮನದಲ್ಲ, ನನ್ನದು ಎಂದು ಹೇಳಿದೆ. ಯಾರೂ ನಗಲಿಲ್ಲ. ಚೆಲುವಿಗೂ ಒಂದು ಜಾಗವಿರುತ್ತದೆಂದು ನಾನು ಕಲಿತದ್ದು ಹೀಗೆ, ತಡವಾಗಿ.

ಅಂದು ಆ ಲೋಟವನ್ನು ಕಂಡವರು ಇಂದೂ ಇದ್ದಾರೆ. ಇಸ್ಮಾಯಿಲ್ ಅದೇ ಗಿರಣಿಯಲ್ಲಿ ಚೀಲ ಹೊರುತ್ತಾನೆ. ಬಸಣ್ಣ ಇದ್ದಾನೆ. ಯಂಕಮ್ಮ ಇದ್ದಾಳೆ, ಮಸರಕಲ್ಲಿನಲ್ಲಿ ಬಸ್ಸು ಬಂದಾಗ, ಯಾವೂರಿನದೆಂದು ಉಳಿದವರಿಗೆ ಓದಿ ಹೇಳುತ್ತಾಳೆ.